ಗಿರಿಜಾಂಬಾ ಮುಟ್ಟದ ಆಂಥೂರಿಯಂ

ಗಿರಿಜಾಂಬಾ ಅವರೊಂದಿಗಿನ ಮೊದಲ ಮಾತುಕತೆ ನಿಗದಿಯಾಗುವ ಮುನ್ನ ಎರಡು ಸಲ ತಪ್ಪಿಹೋಗಿತ್ತು. ಆಲ್ದೂರಿನ ಹಳೆಯ ವ್ಯಾಪಾರಸ್ಥ ಮನೆತನಗಳವರ ಜೀವನಕಥನಗಳನ್ನು ಧ್ವನಿಮುದ್ರಿಸುವ ಕೆಲಸ 2006ರ ಆರಂಭದಲ್ಲಿ ನಡೆದಿತ್ತು. ಬಸ್ ನಿಲ್ದಾಣದ ಎದುರು ಗೊಬ್ಬರ ಮತ್ತು ಔಷಧಿಯ ಅಂಗಡಿ ನಡೆಸುತ್ತಿದ್ದ ಷಡಕ್ಷರಿಯವರು ಸಂತೋಷದಿಂದ ಒಪ್ಪಿ, ಅಜ್ಜನ ಕಾಲದ ಎತ್ತಿನಗಾಡಿಯಿಂದ ಮೊದಲುಮಾಡಿ ತಮ್ಮ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದರು. ಅವರ ಪತ್ನಿ ಗಿರಿಜಾಂಬಾ ಮಾತ್ರ ಮೊದಲ ಸಲ ಹಪ್ಪಳದ ಹಿಟ್ಟು ಒಣಗುತ್ತದೆಂದೂ ಎರಡನೆಯ ಸಲ ತಲೆನೋವೆಂದೂ ಹೇಳಿ ಒಳಕೋಣೆಯಲ್ಲೇ ಉಳಿದರು. ಕೊನೆಗೆ ಅವರ ಅಣ್ಣನ ಮಗಳು ಸುಪ್ರಿಯಾ, ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದವರು, ನಡುವೆ ನಿಂತು ಕೇಳಿದಾಗ ಉತ್ತರ ಬಂತು.

"ಬರ್ಲಿ. ಆದ್ರೆ ಮದುವೆ ಯಾವಾಗ ಆಯ್ತು, ಅಡುಗೆ ಯಾರ ಹತ್ರ ಕಲಿತ್ರಿ ಅಂತ ಕೇಳೋದಾದ್ರೆ ಬೇಡ. ಆ ಗಿಡದ ವಿಷಯ ಬರ್ಕೊಳ್ಳೋದಾದ್ರೆ ಬರ್ಲಿ. ಅರ್ಧ ಬರ್ಕೊಂಡು ಎದ್ದು ಹೋಗ್ಬಾರ್ದು, ಅಷ್ಟೇ."

ಹೀಗೆ, ಕಾಫಿ ಕೊಯ್ಲು ಮುಗಿದು ಊರು ಸ್ವಲ್ಪ ಉಸಿರಾಡುತ್ತಿದ್ದ ಫೆಬ್ರುವರಿಯ ಒಂದು ಭಾನುವಾರ, ಷರತ್ತಿನ ಮೇಲೆಯೇ ಆ ಮಾತುಕತೆ ಆರಂಭವಾಯಿತು. ಒಂಬತ್ತು ವರ್ಷದ ಹಿಂದಿನ ಸಂಗತಿ. ಸಿಟ್ಟು ಮಾತ್ರ ನಿನ್ನೆ ಸಂಜೆಯದಷ್ಟು ಬಿಸಿಯಾಗಿತ್ತು.

ಗಿರಿಜಾಂಬಾ ಹುಟ್ಟಿದ್ದು ವಸ್ತಾರೆಯಲ್ಲಿ, ಸಣ್ಣ ಕಾಫಿ ತೋಟವಿದ್ದ ಮನೆಯಲ್ಲಿ. ಹುಡುಗಿಯಾಗಿದ್ದಾಗ ಆಟಕ್ಕೆಂದು ಹಾಲವಾಣದ ಮರದ ಬುಡಕ್ಕೆ ಚುಚ್ಚಿದ್ದ ಮೆಣಸಿನ ಬಳ್ಳಿಯ ತುಂಡೊಂದು ಮರವನ್ನೇ ಮುಚ್ಚುವಷ್ಟು ಹಬ್ಬಿತು. ಅಂದಿನಿಂದ ಅವರಿಗೆ ಕೈಗುಣದವಳೆಂದು ಹೆಸರು ಬಂತು. "ಗಿರಿಜ ಒಣಕಡ್ಡಿ ಚುಚ್ಚಿದ್ರೂ ಚಿಗುರುತ್ತೆ" ಎಂಬ ಮಾತು ಅವರು ಮದುವೆಯಾಗಿ ಆಲ್ದೂರಿಗೆ ಬರುವ ಮೊದಲೇ ಆಲ್ದೂರಿಗೆ ಬಂದು ಕೂತಿತ್ತು. ಆ ಸೀಮೆಯಲ್ಲಿ ಮುಂಗಾರು ಹಿಡಿದ ಮೇಲೆ ಹೊಸ ಜಾಗಕ್ಕೆ ಕಾಫಿ ಗಿಡ ಹಾಕುವ ದಿನ, ಮೊದಲ ಗುಂಡಿಯ ಗಿಡವನ್ನು ಕೈಗುಣವಿರುವ ಮುತ್ತೈದೆಯಿಂದ ನೆಡಿಸುವ ರೂಢಿ. ಆ ಒಂದು ಗಿಡ ಹಿಡಿದರೆ ಉಳಿದವೂ ಹಿಡಿಯುತ್ತವೆಂಬ ನಂಬಿಕೆ. ಜೂನ್ ಬಂತೆಂದರೆ ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಗಿರಿಜಾಂಬಾ ಅವರನ್ನು ಕರೆಯಲು ಯಾರಾದರೂ ಬಂದೇ ಬರುತ್ತಿದ್ದರು. ವಸ್ತಾರೆಯ ಅಣ್ಣ ಪರಮೇಶ್ವರಪ್ಪನವರ ಮನೆಯ ಕರೆಯಂತೂ ತಪ್ಪಿದ್ದೇ ಇಲ್ಲ.

1996ರ ಅಕ್ಟೋಬರಿನಲ್ಲಿ ಗಿರಿಜಾಂಬಾ ಅವರಿಗೆ ಮಂಗಳೂರಿನಲ್ಲಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಾಯಿತು. ವರ್ಷಗಳಿಂದ ಹರಿಯುತ್ತಿದ್ದ ರಕ್ತ ನಿಂತಿತು, ಮುಖಕ್ಕೆ ಬಣ್ಣ ಬಂತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ತಪ್ಪಿತು. ಊರಿನವರೆಲ್ಲ ನೋಡಿ ಹೋದರು. ಬಾಳೆಹೊನ್ನೂರು ರಸ್ತೆಯ ಎಸ್ಟೇಟಿನ ನಾಗೇಶಗೌಡರ ಪತ್ನಿ ಸಾವಿತ್ರಮ್ಮ ಒಂದು ಬುಟ್ಟಿ ಕಿತ್ತಳೆ ತಂದಿದ್ದರು. ಹಾಸಿಗೆಯ ಪಕ್ಕ ಕೂತು ತಾವೇ ಸುಲಿದು ತೊಳೆ ತೊಳೆಯಾಗಿ ತಿನ್ನಿಸಿದ್ದರು. ಆ ಪ್ರೀತಿ ಸುಳ್ಳಾಗಿರಲಿಲ್ಲ ಎಂಬುದನ್ನು ಗಿರಿಜಾಂಬಾ ಇಂದಿಗೂ ಒಪ್ಪುತ್ತಾರೆ. ಒಪ್ಪುವಾಗ ಅವರ ದನಿ ಇನ್ನಷ್ಟು ಗಡುಸಾಗುತ್ತದೆ.

ಸಾವಿತ್ರಮ್ಮನವರ ಬಳಿ ಒಂದು ಆಂಥೂರಿಯಂ ಹೂಗಿಡ ಇತ್ತು. ಕಾಫಿ ಸೀಮೆಯ ಹೆಂಗಸರಿಗೆ ಆ ಹೂವಿನ ಹುಚ್ಚು ಹಿಡಿದಿದ್ದ ಕಾಲ ಅದು. ಕೆಂಪು, ಬಿಳಿ ಎಲ್ಲರ ಜಗಲಿಯಲ್ಲೂ ಇದ್ದವು. ಸಾವಿತ್ರಮ್ಮನವರದು ಕಿತ್ತಳೆ ಬಣ್ಣದ್ದು, ಜಾವಳಿಯ ತವರುಮನೆಯಿಂದ ಮಡಿಲಲ್ಲಿಟ್ಟುಕೊಂಡು ತಂದದ್ದು. 1997ರ ಫೆಬ್ರುವರಿಯಲ್ಲಿ ಮಗಳು ಕವನಾಳ ಹೆರಿಗೆಗೆಂದು ಹಾಸನಕ್ಕೆ ಹೊರಟಾಗ ಆ ಕುಂಡವನ್ನು ಅವರು ಗಿರಿಜಾಂಬಾ ಅವರ ಮನೆಯಲ್ಲಿಟ್ಟು ಹೋದರು. ಏಪ್ರಿಲಿನಲ್ಲಿ ಬಾಣಂತಿ ಮತ್ತು ಕೂಸಿನೊಂದಿಗೆ ಮರಳುವ ದಾರಿಯಲ್ಲಿ ಜೀಪು ನಿಲ್ಲಿಸಿ ಗಿಡ ತೆಗೆದುಕೊಂಡರು. ಹೊಸದಾಗಿ ಎರಡು ಹೂ ಬಿಟ್ಟಿತ್ತು. "ಕೊಟ್ಟಿದ್ದಕ್ಕಿಂತ ಚೆನ್ನಾಗಿ ಮಾಡಿಟ್ಟಿದ್ದೀಯಲ್ಲ ಮಾರಾಯ್ತಿ" ಎಂದು ಅವರೇ ಹೇಳಿದ್ದರು.

ಜೂನ್ ಬಂತು, ಮಳೆ ಹಿಡಿಯಿತು. ವಸ್ತಾರೆಯಿಂದ ಕರೆ ಬರಲಿಲ್ಲ. ಅಣ್ಣ ಈ ವರ್ಷ ಹೊಸ ಗಿಡ ಹಾಕಿಸುವುದಿಲ್ಲವೇನೋ ಎಂದುಕೊಂಡು ಗಿರಿಜಾಂಬಾ ಸುಮ್ಮನಿದ್ದರು. ಆಗಿನ್ನೂ ಓದುತ್ತಿದ್ದ ಸುಪ್ರಿಯಾ ಒಂದು ಮಧ್ಯಾಹ್ನ ಬಸ್ಸಿಳಿದು ಬಂದಳು, ಊಟಕ್ಕೆ ಕೂತಳು, ಅನ್ನ ಕಲಸುತ್ತ ಕಲಸುತ್ತ ನಿಲ್ಲಿಸಿದಳು.

"ಅತ್ತೆ, ಮೊನ್ನೆ ಕೆಳಗಿನ ಜಾಗಕ್ಕೆ ಗಿಡ ಹಾಕಿದ್ರು."

"ಯಾರು ಮೊದಲು ನೆಟ್ಟಿದ್ದು?"

"ಪಕ್ಕದ ತೋಟದವರ ಸೊಸೆ."

ಗಿರಿಜಾಂಬಾ ಸಾರಿನ ಸೌಟನ್ನು ಪಾತ್ರೆಯಲ್ಲಿಟ್ಟರು. ಉಳಿದದ್ದನ್ನು ಹುಡುಗಿಯ ಬಾಯಿಂದ ಹೊರಡಿಸಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ಮೇ ತಿಂಗಳಲ್ಲಿ ವಸ್ತಾರೆಯಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ಸಾವಿತ್ರಮ್ಮನವರನ್ನು ಆಂಥೂರಿಯಂ ಹೇಗಿದೆಯೆಂದು ಕೇಳಿದ್ದಾರೆ. ಎಲೆಯೆಲ್ಲ ಜೋತುಬಿದ್ದಿವೆಯೆಂದು ಅವರು ಹೇಳಿದ್ದಾರೆ. ಅಷ್ಟಕ್ಕೆ ನಿಲ್ಲಿಸಿಲ್ಲ. "ಗಿರಿಜನ ಮನೆಯಿಂದ ಬಂದ ಮೇಲೆ ಅದು ತಲೆ ಎತ್ತಲೇ ಇಲ್ಲ ಕಣ್ರೇ. ಅವಳ ಕೈ ಮೊದಲಿನ ಹಾಗಿಲ್ಲ. ಗರ್ಭಕೋಶವೇ ತೆಗೆಸಿದ ಮೇಲೆ ಹೆಂಗಸಿನ ಕೈಲಿ ಎಂತ ಗುಣ ಉಳಿಯುತ್ತೆ?" ಎಂದಿದ್ದಾರೆ. ಬಡಿಸುತ್ತಿದ್ದವರು ಕೇಳಿದ್ದಾರೆ, ಎದುರು ಸಾಲಿನವರು ಕೇಳಿದ್ದಾರೆ, ಪರಮೇಶ್ವರಪ್ಪನವರೂ ಕೇಳಿದ್ದಾರೆ.

"ನಿಮ್ಮಪ್ಪ ಎಂತ ಅಂದ?"

ಸುಪ್ರಿಯಾ ತಲೆ ತಗ್ಗಿಸಿದಳು. "ಅಪ್ಪ ಏನೂ ಅನ್ಲಿಲ್ಲ ಅತ್ತೆ. ಪಾಯಸ ಹಾಕಿಸ್ಕೊಂಡ್ರು."

ಈ ಮಾತು ಹೇಳುವಾಗ ಗಿರಿಜಾಂಬಾ ಧ್ವನಿಮುದ್ರಣ ನಿಲ್ಲಿಸಲು ಹೇಳಲಿಲ್ಲ, ಕಣ್ಣೀರೂ ಹಾಕಲಿಲ್ಲ. ಪಾಯಸ ಹಾಕಿಸಿಕೊಂಡದ್ದನ್ನು ಸರಿಯಾಗಿ ಬರೆದುಕೊಳ್ಳಬೇಕೆಂದು ಮಾತ್ರ ಹೇಳಿದರು. ರೋಗ ಬಂದದ್ದು ಅವರಿಗೆ, ಕೊಯ್ಸಿಕೊಂಡದ್ದು ಅವರು, ಹೊಲಿಗೆ ಸೆಳೆಯುತ್ತಿದ್ದ ಹೊಟ್ಟೆ ಹಿಡಿದು ಘಾಟಿಯ ತಿರುವುಗಳಲ್ಲಿ ಮನೆ ಸೇರಿದ್ದು ಅವರು. ಅದನ್ನು ಮದುವೆಯ ಪಂಕ್ತಿಯಲ್ಲಿ ಉಪ್ಪಿನಕಾಯಿಯ ಹಾಗೆ ಎಲೆಯ ತುದಿಗೆ ಬಡಿಸಿದ್ದರು. ಬಾಡಿದ್ದು ಇನ್ನೊಬ್ಬರ ಜಗಲಿಯ ಗಿಡ, ಕಳೆದುಹೋದದ್ದು ಇವರ ತವರಿನ ಕರೆ.

ಸಂಜೆ ಅಂಗಡಿಯಿಂದ ಬಂದ ಷಡಕ್ಷರಿ ವಿಷಯ ಕೇಳಿ, "ಬಿಡೇ, ಬಾಯಿಗೆ ಬಂದ ಹಾಗೆ ಮಾತಾಡ್ತಾರೆ. ನಾನು ಒಂದು ಪೊಟ್ಟಣ ಔಷಧಿ ಕಳಿಸ್ತೀನಿ, ಗಿಡ ಸರಿಯಾಗುತ್ತೆ" ಎಂದರು.

"ಎಂತ ರೋಗ ಅಂತ ನೋಡ್ದೆ ಔಷಧಿ ಕಳಿಸ್ತೀರಾ? ಅವರು ನೋಡ್ದೆ ನನ್ನ ಹೆಸರು ಹೇಳಿದ್ರು. ನಿಮಗೂ ಅವರಿಗೂ ಏನ್ರೀ ವ್ಯತ್ಯಾಸ?"

"ಹಾಗಾದ್ರೆ ಇಲ್ಲಿಗೆ ತರಿಸು. ನಿನ್ನ ಕೈಲಿ ಚಿಗುರಿದ್ರೆ ಅವರೇ ಬಾಯಿ ಮುಚ್ತಾರೆ."

ಗಿರಿಜಾಂಬಾ ಅದನ್ನೂ ಯೋಚಿಸಿದ್ದರು. ಯೋಚಿಸಿ ಬಿಟ್ಟಿದ್ದರು. ತಮ್ಮ ಮನೆಗೆ ತಂದು ಬದುಕಿಸಿದರೆ ಕೈಗುಣ ಇದೆ ಎನ್ನುತ್ತಾರೆ, ಸತ್ತರೆ ಇಲ್ಲ ಎನ್ನುತ್ತಾರೆ. ಎರಡರಲ್ಲೂ ತೀರ್ಪು ಗಿಡದ ಮೇಲಲ್ಲ, ಅವರ ಹೊಟ್ಟೆಯ ಮೇಲೆ. ಆ ಗಿಡ ಅದರ ಮನೆಯಲ್ಲೇ, ಅದರ ಯಜಮಾನಿಯ ಕೈಯಲ್ಲೇ ಏಳಬೇಕು ಎಂದು ಅವರು ತೀರ್ಮಾನಿಸಿದರು. ಮರುದಿನ ಬೆಳಗಿನ ಬಸ್ಸಿಗೆ ಹೊರಟರು.

ಎಸ್ಟೇಟ್ ಮನೆಯ ಜಗಲಿ ಹತ್ತುವಾಗ ಅವರಿಗಿಂತ ಮುಂದೆ ಮೆಣಸಿನ ವ್ಯಾಪಾರಿ ತಮ್ಮಯ್ಯ ಬಂದಿದ್ದ. ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ಆ ಕಡೆಯ ಮರ್ಯಾದೆ. ತಮ್ಮಯ್ಯ ತಂಬಿಗೆಯ ನೀರಲ್ಲಿ ಕಾಲು ತೊಳೆದ. ಉಳಿದ ನೀರನ್ನು ಅಂಗಳಕ್ಕೆ ಚೆಲ್ಲುವ ಬದಲು, ಮೆಟ್ಟಿಲ ಪಕ್ಕದ ಆಂಥೂರಿಯಂ ಬುಡಕ್ಕೆ ಸುರಿದು "ಪಾಪ, ಬಾಡಿದೆ" ಎಂದ.

ಗಿರಿಜಾಂಬಾ ನಿಂತಲ್ಲೇ ನಿಂತರು. ಗಿಡದ ಅವಸ್ಥೆ ಅವರು ಊಹಿಸಿದ್ದಕ್ಕಿಂತ ಕೆಟ್ಟಿತ್ತು. ಹೂವಿರಲಿಲ್ಲ. ಎಲೆಗಳು ಒದ್ದೆ ಬಟ್ಟೆಯಂತೆ ಅಂಚಿನಿಂದ ಇಳಿಬಿದ್ದಿದ್ದವು. ಕೆಳಗಿನವು ಹಳದಿಗೆ ತಿರುಗಿದ್ದವು. ಆದರೆ ಕುಂಡ ಮಾತ್ರ ಫಳಫಳ ಹೊಳೆಯುತ್ತಿತ್ತು. ಅವರು ಕೊಟ್ಟು ಕಳಿಸಿದ ಮಣ್ಣಿನ ಕುಂಡ ಈಗ ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆಯ ಕೊಳಗದೊಳಗೆ ಕೂತಿತ್ತು.

ಒಳಗಿನಿಂದ ಬಂದ ಸಾವಿತ್ರಮ್ಮ ಅವರನ್ನು ಕಂಡು ತಡವರಿಸಿದರು. "ಏನು ಗಿರಿಜಾ, ಹೇಳ್ದೆ ಕೇಳ್ದೆ ಬಂದಿದ್ದೀಯ? ಒಳಗೆ ಬಾ."

ಗಿರಿಜಾಂಬಾ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡರು. "ನಿಮ್ಮ ಗಿಡ ನೋಡೋಕೆ ಬಂದೆ ಸಾವಿತ್ರಮ್ಮ. ಮುಟ್ಟೋಕಲ್ಲ."

"ಅಯ್ಯೋ, ಯಾರು ಎಂತ ಹೇಳಿದ್ರು ನಿಂಗೆ?"

"ನೀವು ಹೇಳಿದ್ದನ್ನೇ ಹೇಳಿದ್ರು. ಒಂದು ಅಕ್ಷರ ಸೇರಿಸ್ಲಿಲ್ಲ."

ನಾಗೇಶಗೌಡರು ಪೇಪರು ಮಡಚಿ ಜಗಲಿಗೆ ಬಂದರು. ಹೆಂಗಸರ ಮಾತಿಗೆ ತಲೆಹಾಕಬಾರದೆಂಬ ಎಚ್ಚರದಲ್ಲೇ, ಗಿಡದ ಬಗ್ಗೆ ಮಾತ್ರ ಹೇಳಿದರು. "ನೀರಿಗೇನೂ ಕಡಿಮೆ ಮಾಡಿಲ್ಲ ಗಿರಿಜಮ್ಮ. ಮಾರ್ಚಿನಲ್ಲಿ ಕಾಫಿ ಎಲೆ ಜೋತುಬಿದ್ರೆ ಸ್ಪ್ರಿಂಕ್ಲರ್ ಬಿಡ್ತೀವಿ, ಮಾರನೇ ದಿನ ಎದ್ದು ನಿಲ್ಲುತ್ತೆ. ಇದು ಎಷ್ಟು ಕೊಟ್ರೂ ಏಳ್ತಾ ಇಲ್ಲ. ಇನ್ನೂ ಕೊಡಿ ಅಂತ ನಾನೇ ಹೇಳಿದ್ದೀನಿ."

"ನಿಮ್ಮ ಕಾಫಿ ವಿಷಯ ನಿಮಗೆ ಗೊತ್ತು ಗೌಡ್ರೇ. ಇದು ಕಾಫಿಯಲ್ಲ. ಸಾವಿತ್ರಮ್ಮ, ಎಲೆ ಹಿಂದೆ ತಿರುಗಿಸಿ ನೋಡಿ. ಹುಳ, ಬಿಳಿ ಹಿಟ್ಟು, ಅಂಟು, ಎಂತಾದ್ರೂ ಇದೆಯಾ?"

ಸಾವಿತ್ರಮ್ಮ ಬಗ್ಗಿ ನೋಡಿದರು. "ಇಲ್ಲ."

"ಬಿಸಿಲು ಬೀಳುತ್ತಾ ಇಲ್ಲಿಗೆ?"

"ಹಿಂದಿನಿಂದಲೂ ಇಲ್ಲೇ ಇತ್ತು. ಆಗ ಎಂತದೂ ಆಗಿರ್ಲಿಲ್ಲ."

"ಗೊಬ್ಬರ? ನಮ್ಮನೆಯವರ ಅಂಗಡಿಯದೇ ಇದ್ರೂ ಹೇಳಿ, ಬೇಜಾರಿಲ್ಲ."

"ಹಾಕಿಲ್ಲ."

"ಎಲೆ ಹಿಡಿದು ನೋಡಿ. ನೀರಿಲ್ದೆ ಬಾಡಿದ್ರೆ ತುದಿ ಒಣಗಿ ಗರಿಗರಿ ಅನ್ನಬೇಕು."

"ಮೆತ್ತಗಿದೆ. ಬೇಯಿಸಿದ ಕೆಸುವಿನೆಲೆ ಇದ್ದ ಹಾಗೆ."

"ಈ ಕೊಳಗ ಯಾವಾಗ ಬಂತು?"

ಸಾವಿತ್ರಮ್ಮನವರ ಮುಖ ಸ್ವಲ್ಪ ಅರಳಿತು. ಕೊಳಗ ಅತ್ತೆಯ ಕಾಲದ್ದು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಜಗಲಿ ಚೆನ್ನಾಗಿ ಕಾಣಲೆಂದು ಅಟ್ಟದಿಂದ ಇಳಿಸಿದ್ದು. ನೋಡಿದವರೆಲ್ಲ ಹೊಗಳಿದ್ದರಿಂದ ಹಾಗೇ ಬಿಟ್ಟದ್ದು.

"ಕುಂಡ ಮೇಲಕ್ಕೆ ಎತ್ತಿ."

ಅದು ಸಾವಿತ್ರಮ್ಮನವರ ಕೈಗೆ ಬರಲಿಲ್ಲ. ಗೌಡರು ಎರಡು ಕೈ ಹಾಕಿ ಎಳೆದರು. ಕುಂಡ ಫಕ್ಕನೆ ಬಿಟ್ಟುಬಂತು. ತಳದಿಂದ ಕಪ್ಪು ನೀರು ಸುರಿಯಿತು. ಕೊಳಗದ ಒಳಗೂ ಅಷ್ಟೇ ಕಪ್ಪು ನೀರು ನಿಂತಿತ್ತು. ಜಗಲಿಯ ತುಂಬ ನಾತ ಹಬ್ಬಿತು. ಗೌಡರ ಮೂಗಿಗೆ ಅದು ಹೊಸತಾಗಿರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಗುಂಡಿಯ ನಾತವೇ ಅದು. ಅವರು ಕುಂಡವನ್ನು ಕೆಳಗಿಟ್ಟರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಜೌಗಿನಲ್ಲಿ ಗಿಡ ನೆಟ್ಟ ಹಾಗಾಯ್ತಲ್ಲೇ. ತೋಟದಲ್ಲಾದ್ರೆ ನಾನೇ ಬಸಿಗಾಲುವೆ ತೆಗೆಸ್ತಿದ್ದೆ."

ಕೂಸು ನೋಡಲು ಬಂದವರೆಲ್ಲ ಕಾಲು ತೊಳೆದು ಉಳಿದ ನೀರನ್ನು ಬಾಡಿದ ಗಿಡಕ್ಕೆ ಕರುಣೆಯಿಂದ ಸುರಿದಿದ್ದರು. ಮಣ್ಣಿನ ಕುಂಡದ ತಳದಲ್ಲಿ ತೂತಿತ್ತು, ಹಿತ್ತಾಳೆಯ ತಳದಲ್ಲಿ ಇರಲಿಲ್ಲ. ಹೊರಗೆ ಹೋಗಲು ದಾರಿಯಿಲ್ಲದ ನೀರಿನಲ್ಲಿ ಬೇರು ಕೊಳೆಯಿತು. ಕೊಳೆತ ಬೇರು ನೀರೆಳೆಯದೆ ಎಲೆ ಇನ್ನಷ್ಟು ಬಾಡಿತು. ಬಾಡಿದ್ದು ಕಂಡು ಜನ ಇನ್ನಷ್ಟು ಸುರಿದರು.

"ಹಂಗಾದ್ರೆ ಈಗ ನಾನು ಹಾಕಿದ್ದು?" ಎಂದ ತಮ್ಮಯ್ಯ.

"ನೀವೂ ಹಾಕಿದ್ರಿ. ಬಂದವರೆಲ್ಲ ಹಾಕಿದ್ರು. ಅವರ ಯಾರ ಕೈಗೂ ಹೆಸರು ಬರ್ಲಿಲ್ಲ. ನನ್ನ ಕೈಗೆ ಬಂತು, ಆಲ್ದೂರಿನಲ್ಲಿ ಕೂತಿದ್ದ ನನ್ನ ಕೈಗೆ."

ತಮ್ಮಯ್ಯ ಮೆಣಸಿನ ಮಾತು ಇನ್ನೊಂದು ದಿನ ಆಡೋಣವೆಂದು ಚಪ್ಪಲಿ ಮೆಟ್ಟಿದ.

ಮುಂದಿನ ಕೆಲಸವನ್ನೆಲ್ಲ ಸಾವಿತ್ರಮ್ಮನವರೇ ಮಾಡಿದರು. ಗಿರಿಜಾಂಬಾ ಮಣೆಯ ಮೇಲೆ ಕೂತು, ಕೈಗಳನ್ನು ಸೆರಗಿನಿಂದ ಹೊರಗೆ ತೆಗೆಯದೆ, ಹೇಳುತ್ತ ಹೋದರು. ಗಿಡವನ್ನು ಮಗ್ಗುಲಾಗಿಸಿ ಕುಂಡದಿಂದ ಬಿಡಿಸಿ, ಬೇರಿನ ಮಣ್ಣು ತೊಳೆಸಿದರು. ಕೊಳೆತ ಬೇರು ಕಂದುಬಣ್ಣಕ್ಕೆ ತಿರುಗಿತ್ತು. ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಉಳಿಯುತ್ತಿತ್ತು. ಬಿಳಿಯಾಗಿ ಗಟ್ಟಿಯಾಗಿದ್ದ ಬೇರುಗಳು ಕೆಲವೇ ಉಳಿದಿದ್ದವು. ಸಾವಿತ್ರಮ್ಮ ಕತ್ತರಿ ಹಿಡಿದು ಹಿಂಜರಿದರು.

"ಇಷ್ಟೆಲ್ಲ ಕತ್ತರಿಸಿದ್ರೆ ಎಂತ ಉಳಿಯುತ್ತೆ ಗಿರಿಜಾ?"

"ಕೆಟ್ಟಿದ್ದನ್ನ ತೆಗೆದ್ರೆ ಉಳಿದದ್ದು ಬದುಕುತ್ತೆ ಸಾವಿತ್ರಮ್ಮ. ನನ್ನನ್ನೂ ಹಾಗೇ ಬದುಕಿಸಿದ್ದು. ಕತ್ತರಿಸಿ."

ಸಾವಿತ್ರಮ್ಮ ಕತ್ತರಿಸಿದರು. ಹಳದಿ ಎಲೆಗಳನ್ನೂ ತೆಗೆದರು. ಒಲೆಯ ಇದ್ದಿಲನ್ನು ಕುಟ್ಟಿಸಿ, ಹೆಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು, ಒಂದು ಹಿಡಿ ಒಣ ತರಗೆಲೆ ಗೊಬ್ಬರ ಸೇರಿಸಿ, ಉಳಿದ ಬೇರಿಗೆ ತಕ್ಕಷ್ಟು ಚಿಕ್ಕ ಮಣ್ಣಿನ ಕುಂಡದಲ್ಲಿ ನೆಟ್ಟರು. ತಳದ ತೂತಿನಲ್ಲಿ ಬೆರಳಾಡಿಸಿ ತೋರಿಸುವಂತೆ ಗಿರಿಜಾಂಬಾ ಕೇಳಿದರು, ತೋರಿಸಿದರು. ಕೆಲವು ದಿನ ಬುಡಕ್ಕೆ ನೀರು ಬೇಡ, ಎಲೆಗೆ ಮಾತ್ರ ಚಿಮುಕಿಸಿದರೆ ಸಾಕು. ಆಮೇಲೆ ಬೆರಳನ್ನು ಒಳಗೆ ಊರಿ ನೋಡಬೇಕು. ಒಣಗಿದ್ದರೆ ಮಾತ್ರ ಕೊಡಬೇಕು. ಮೆಟ್ಟಿಲಿನಿಂದ ದೂರ, ಕಾಲು ತೊಳೆದವರ ಕೈಗೆ ಸಿಗದ ಕಡೆ ಇಡಬೇಕು. ಕೊಳಗ ಅಟ್ಟಕ್ಕೆ ಹೋಯಿತು. ಕಾಫಿ ಬಂತು. ಗಿರಿಜಾಂಬಾ ಕುಡಿದರು. ಕುಡಿಯದೆ ಬರುವಷ್ಟು ಜಗಳ ಅವರಿಗೆ ಬೇಕಿರಲಿಲ್ಲ. ಲೋಟ ಹಿಡಿಯಲು ಅಲ್ಲಿ ಮೊದಲ ಸಲ ಕೈ ಹೊರಗೆ ತೆಗೆದರು.

ಹೊರಡುವಾಗ ಕೇಳಿದ್ದು ಒಂದೇ. "ಪಂಕ್ತಿಯಲ್ಲಿ ಹೇಳಿದ್ದನ್ನ ಪಂಕ್ತಿಯಲ್ಲೇ ತಿದ್ದಬೇಕು ಸಾವಿತ್ರಮ್ಮ. ಕೊಳಗದಲ್ಲಿ ನೀರು ನಿಂತಿತ್ತು ಅಂತ ಹೇಳಿ. ಅಷ್ಟೇ ಸಾಕು." ಸಾವಿತ್ರಮ್ಮ ಹೂಂ ಎಂದರು.

ಆಗಸ್ಟಿನಲ್ಲಿ ಗಿಡ ಸುರುಳಿಯಾದ ಹೊಸ ಎಲೆ ಬಿಟ್ಟಿತು. ಇದ್ದ ಎಲೆಗಳು ದಂಟಿನ ಮೇಲೆ ನೆಟ್ಟಗಾದವು. ಸುದ್ದಿ ಅಂಗಡಿಯ ಮೂಲಕ ಬಂತು. ಷಡಕ್ಷರಿ ಹಿಗ್ಗುತ್ತ ಮನೆಗೆ ಬಂದು ಹೇಳಿದರು, "ಸಾವಿತ್ರಮ್ಮ ಊರೆಲ್ಲ ಹೇಳ್ತಿದ್ದಾರಂತೆ ಮಾರಾಯ್ತಿ. ಗಿರಿಜ ಬಂದು ನಿಂತು ನೋಡಿದ್ದಕ್ಕೇ ಚಿಗುರಿತು, ಕೈಗುಣ ವಾಪಸ್ ಬಂದಿದೆ ಅಂತ."

ಆ ಸಂಜೆ ಷಡಕ್ಷರಿಗೆ ಸಿಕ್ಕಿದ ಮಾತುಗಳು ಸಾವಿತ್ರಮ್ಮನವರಿಗೆ ಸಲ್ಲಬೇಕಾದವು. ಮುಟ್ಟದ ಕೈಗೂ ಗುಣ ಅಂಟಿಸುತ್ತಾರಲ್ಲ! ಕತ್ತರಿ ಹಿಡಿದವರು ಯಾರು, ಮಣ್ಣು ತುಂಬಿದವರು ಯಾರು? ಹಿತ್ತಾಳೆಯ ಪಾತ್ರೆಯ ಮರ್ಯಾದೆ ಉಳಿಸಲು ಒಬ್ಬ ಹೆಂಗಸಿನ ಮೈಯನ್ನು ಮತ್ತೆ ಅಂಗಳಕ್ಕೆ ಎಳೆದಿದ್ದರು, ಈ ಸಲ ಹೊಗಳಿಕೆಯ ಹೆಸರಿನಲ್ಲಿ. ಬಂತು ಎಂದವರು ನಾಳೆ ಹೋಯಿತು ಎನ್ನಲು ಎಷ್ಟು ಹೊತ್ತು ಬೇಕು? ಆ ಹೊಗಳಿಕೆ ಬೈಗುಳಕ್ಕಿಂತ ಹೆಚ್ಚು ಉರಿಸಿತು ಎಂದು ಗಿರಿಜಾಂಬಾ ಎರಡು ಬಾರಿ ಹೇಳಿದ್ದು ಧ್ವನಿಮುದ್ರಣದಲ್ಲಿದೆ.

ಮರುವರ್ಷದ ಜೂನ್. ಪರಮೇಶ್ವರಪ್ಪ ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಆಲ್ದೂರಿಗೆ ಬಂದರು. ಏನೂ ನಡೆದೇ ಇಲ್ಲವೆಂಬಂತೆ ಮಳೆಯ ಮಾತಾಡಿದರು, ಕಡುಬು ತಿಂದರು, ಎಲೆ ಅಡಿಕೆಯ ತಟ್ಟೆಯನ್ನು ತಂಗಿಯ ಮುಂದೆ ಸರಿಸಿದರು. "ಮೇಲಿನ ಜಾಗಕ್ಕೆ ಗಿಡ ಹಾಕಿಸ್ತಿದ್ದೀನಿ. ಸೋಮವಾರ ಬಾ. ನಿನ್ನ ಕೈಗುಣ ಸರಿಹೋಯ್ತಂತಲ್ಲ."

"ಅದಕ್ಕೆ ಕರಿಯೋಕೆ ಬಂದಿದ್ರೆ ತಟ್ಟೆ ಎತ್ಕೊಂಡು ಹೋಗು ಅಣ್ಣ."

"ಹಳೇದನ್ನ ಹಿಡ್ಕೊಂಡು ಕೂರ್ಬೇಡ ಗಿರಿಜಾ."

"ಹಳೇದಾ? ಹೋದ ವರ್ಷ ನೀನು ಕರೆಸಿದ್ದೆಯಲ್ಲ, ಪಕ್ಕದ ತೋಟದೋರ ಸೊಸೆ, ಅವಳು ನೆಟ್ಟ ಗಿಡ ಎಂತಾಯ್ತು?"

"ಹಿಡೀತು."

"ಅಲ್ಲಿಗೆ ಮುಗೀತಲ್ಲ. ಮಳೆ ಬಂತು, ಗುಂಡಿ ಚೆನ್ನಾಗಿತ್ತು, ಹಿಡೀತು. ನನ್ನ ಹೊಟ್ಟೆಲಿ ಎಂತ ಇದೆ, ಎಂತ ಇಲ್ಲ ಅಂತ ಗಿಡ ಕೇಳೋದಿಲ್ಲ. ನೀನು ಯಾಕೆ ಕೇಳ್ತೀಯ?"

ಪರಮೇಶ್ವರಪ್ಪ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಮಾತಿನಲ್ಲಿ ತಂಗಿಯನ್ನು ಅವರು ಎಂದೂ ಗೆದ್ದವರಲ್ಲ. "ಹಂಗಾದ್ರೆ ಎಂತ ಅಂತ ಕರೀಲಿ, ನೀನೇ ಹೇಳು."

"ತಂಗಿ ಅಂತ ಕರಿ. ಆಪರೇಷನ್ ಆದ ತಂಗಿ ಅಂತ ಕರಿ. ಇಲ್ಲಿ, ಕದ ಹಾಕ್ಕೊಂಡು ಅಲ್ಲ. ಅಲ್ಲಿ, ಮೇಸ್ತ್ರಿ, ಆಳುಗಳು, ಅಕ್ಕಪಕ್ಕದೋರು ಎಲ್ಲ ಇದ್ದಾಗ. ಪಾಯಸ ಹಾಕಿಸ್ಕೊಂಡು ಸುಮ್ಮನಿದ್ದೆಯಲ್ಲ, ಅವತ್ತು ಆಡಬೇಕಿದ್ದ ಮಾತು ಇದು."

ಅವರು ತಟ್ಟೆ ಎತ್ತಿಕೊಂಡೇ ಹೋದರು. ಆದರೆ ಸೋಮವಾರ ಬೆಳಿಗ್ಗೆ ಬಾಗಿಲಿಗೆ ಜೀಪು ಬಂತು, ಜೀಪಿನಲ್ಲಿ ಸುಪ್ರಿಯಾ ಇದ್ದಳು. ಮೇಲಿನ ಜಾಗದಲ್ಲಿ ಸೋನೆ ಹಿಡಿದಿತ್ತು, ಆಳುಗಳು ಕಂಬಳಿ ಕೊಪ್ಪೆ ಹೊದ್ದು ಗುಂಡಿಗಳ ಪಕ್ಕ ನಿಂತಿದ್ದರು. ಪರಮೇಶ್ವರಪ್ಪ ಗಂಟಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ಹೇಳಿದರು. ತಂಗಿಗೆ ಆಪರೇಷನ್ ಆಗಿದೆ, ಎಲ್ಲರಿಗೂ ಗೊತ್ತು. ಹೋದ ವರ್ಷ ಅದಕ್ಕಾಗಿಯೇ ಕರೆಯಲಿಲ್ಲ, ಅದು ತಪ್ಪು. ಈಗ ಅವಳು ಮೊದಲ ಗಿಡ ನೆಡುತ್ತಾಳೆ. ಮೇಸ್ತ್ರಿ ಗಿಡದ ಪಾಲಿಥೀನ್ ಚೀಲ ಹರಿದು ಕೊಟ್ಟ. ಗಿರಿಜಾಂಬಾ ಮೊದಲು ಗುಂಡಿಯ ತಳಕ್ಕೆ ಕೈ ಹಾಕಿ ನೀರು ನಿಂತಿಲ್ಲವೆಂದು ನೋಡಿಕೊಂಡರು. ಆಮೇಲೆ ನೆಟ್ಟರು.

ಆ ಗಿಡ ಹಿಡಿಯಿತೇ ಎಂಬ ಪ್ರಶ್ನೆಗೆ ಅವರು ಉತ್ತರ ಕೊಡಲು ಒಪ್ಪಲಿಲ್ಲ. "ಅದನ್ನ ಬರ್ಕೊಂಡ್ರೆ ಓದಿದೋರು ಮತ್ತೆ ಕೈ ನೋಡ್ತಾರೆ. ದಿನ ಬರ್ಕೊಳ್ಳಿ, ನೆಟ್ಟಿದ್ದು ಯಾರು ಅಂತ ಬರ್ಕೊಳ್ಳಿ" ಎಂದರು. ಅವರ ಅಪೇಕ್ಷೆಯಂತೆ, ಅವರು ಓದಿಸಿ ಕೇಳಿ ಒಪ್ಪಿದ ರೀತಿಯಲ್ಲಿ ದಾಖಲಿಸಲಾಗಿದೆ: 1998ನೇ ಇಸವಿ ಜೂನ್ 22, ಸೋಮವಾರ, ವಸ್ತಾರೆಯ ಪರಮೇಶ್ವರಪ್ಪನವರ ತೋಟದ ಮೇಲಿನ ಜಾಗದಲ್ಲಿ ಮೊದಲ ಕಾಫಿ ಗಿಡವನ್ನು ನೆಟ್ಟವರು ಅವರ ತಂಗಿ, ಆಲ್ದೂರಿನ ಗಿರಿಜಾಂಬಾ, 1996ರ ಅಕ್ಟೋಬರಿನಲ್ಲಿ ಗರ್ಭಕೋಶ ತೆಗೆಸಿಕೊಂಡವರು.